ಪರದೇಶದ ಮೊದಲ ದಿನಗಳು

ಅಜ್ಜಂಪುರದ ಅಮೃತಮಹಲ್ ಕಾವಲನ್ನೂ, ಕಡೂರಿನ ತೆಂಗಿನ ತೋಟಗಳನ್ನೂ, ತರೀಕೆರೆಯ ಅಡಕೆಯ ನೆರಳನ್ನೂ ಕಂಡು ಬೆಳೆದ ಮಕ್ಕಳು ವಿದ್ಯಾರ್ಜನೆಗಾಗಿ ಪರದೇಶಕ್ಕೆ ಹೊರಡುವುದು ಈಗ ಅಪೂರ್ವ ಸಂಗತಿಯೇನೂ ಅಲ್ಲ. ಮನೆಯವರಿಗೆ ಇದರಿಂದ ಹೆಮ್ಮೆಯುಂಟು. ಹೆಮ್ಮೆಯ ಬೆನ್ನಿಗೇ, ಬಾಯಿಬಿಟ್ಟು ಹೇಳಲಾಗದ ಒಂದು ಭಯವೂ ಉಂಟು. ಹೋದವರು ನಮ್ಮವರಾಗಿಯೇ ಹಿಂದಿರುಗುವರೇ? ಈ ಪ್ರಶ್ನೆಯ ಉತ್ತರವು ಬಹುಮಟ್ಟಿಗೆ ಅಲ್ಲಿ ಕಳೆಯುವ ಮೊದಲ ದಿನಗಳಲ್ಲಿಯೇ ಅಡಗಿರುತ್ತದೆ.

ಹಿಂದೆ ಇಂಥ ಪಯಣಕ್ಕೆ ಸಮುದ್ರವೇ ಪೀಠಿಕೆಯಾಗಿತ್ತು. ಸವಣೂರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ವ್ಯಾಸಂಗಕ್ಕೆಂದು ಆಕ್ಸ್‌ಫರ್ಡಿಗೆ ತೆರಳಿದರು. ಆ ಪ್ರವಾಸದ ಫಲವಾಗಿ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಎಂಬ ಕವಿತೆಗಳೂ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವೂ ದೊರೆತವು. ಹಡಗಿನ ಕಾಲದಲ್ಲಿ ಮನಸ್ಸು ಹಳತನ್ನು ಮೆಲ್ಲಮೆಲ್ಲನೆ ಬೀಳ್ಕೊಟ್ಟು ಹೊಸತಕ್ಕೆ ಅಣಿಯಾಗುತ್ತಿತ್ತು. ಇಂದು ಬೀರೂರಿನಲ್ಲಿ ರೈಲು ಹತ್ತಿದವನು ವಿಮಾನವೇರಿ, ಮರುದಿನವೇ ಲಂಡನ್ನಿನ ಬೀದಿಯಲ್ಲಿ ನಿಂತಿರುತ್ತಾನೆ. ದೇಹವು ತಲಪಿದರೂ ಮನಸ್ಸಿನ್ನೂ ದಾರಿಯಲ್ಲಿಯೇ ಇರುತ್ತದೆ.

ಆಗ ಮನಸ್ಸಿಗೆ ತಟ್ಟುವುವು ಸಣ್ಣ ಸಂಗತಿಗಳು. ಡಿಸೆಂಬರಿನಲ್ಲಿ 4 ಗಂಟೆಗೆಲ್ಲ ಸೂರ್ಯನು ಮುಳುಗುತ್ತಾನೆ. ಬೀದಿಯ ಮನೆಗಳ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಸಹಪಾಠಿಗಳು ಅಧ್ಯಾಪಕರನ್ನು ಹೆಸರು ಹಿಡಿದು ಕರೆಯುವಾಗ, ‘ಸಾರ್’ ಎಂದೇ ಪಳಗಿದ ನಾಲಗೆಯು ತಡವರಿಸುತ್ತದೆ. ಉಂಡ ತಟ್ಟೆಯನ್ನು ತಾನೇ ತೊಳೆಯುವಾಗ, ಮನೆಯಲ್ಲಿ ಅದನ್ನು ಇಷ್ಟು ವರ್ಷ ತೊಳೆದ ಕೈಗಳು ಮೊದಲ ಬಾರಿಗೆ ನೆನಪಾಗುತ್ತವೆ. ಹೊಸಬರು ಮಳೆಬಿಸಿಲಿನ ಮಾತನಾಡುತ್ತಾರೆಯೇ ಹೊರತು, ‘ಯಾವೂರು? ಯಾರ ಪೈಕಿ?’ ಎಂದು ಕೇಳುವುದಿಲ್ಲ. ಕೇಳದಿರುವುದು ಮೊದಲು ಅನಾದರವೆಂದು ತೋರುತ್ತದೆ. ಕೆಲವು ದಿನಗಳ ಮೇಲೆ, ಜಾತಿಯನ್ನು ಹೇಳಿಕೊಳ್ಳದೆ ಎಲ್ಲರೊಡನೆ ಊಟಕ್ಕೆ ಕುಳಿತುಕೊಳ್ಳುವ ನೆಮ್ಮದಿಯೂ ಅರಿವಾಗುತ್ತದೆ. ಹಾಗೆಂದು ಮೈಬಣ್ಣವನ್ನು ಅಳೆಯುವ ಕಣ್ಣುಗಳು ಅಲ್ಲಿ ಇಲ್ಲವೆಂದಲ್ಲ.

ಈ ಹೊತ್ತಿನಲ್ಲಿ ಎರಡು ಸುಲಭವಾದ ದಾರಿಗಳು ತೆರೆದಿರುತ್ತವೆ. ಅಲ್ಲಿಯದೆಲ್ಲವನ್ನೂ ಹೊಗಳಿ ತನ್ನ ಊರಿಗೆ ನಾಚುವುದು ಒಂದು. ಅಲ್ಲಿಯದೆಲ್ಲವನ್ನೂ ಹಳಿದು ಕೋಣೆಯ ಕದವಿಕ್ಕಿಕೊಳ್ಳುವುದು ಇನ್ನೊಂದು. ಎರಡರಲ್ಲಿಯೂ ನೋಡುವ ಶ್ರಮವಿಲ್ಲ.

ಮೂರನೆಯ ದಾರಿಗೆ ಒಂದು ನಿದರ್ಶನವುಂಟು. ತೀರ್ಥಹಳ್ಳಿಯ ಸೀಮೆಯ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಸಂಶೋಧನ ವಿದ್ಯಾರ್ಥಿಯಾಗಿ ಹೋದರು. ಅಲ್ಲಿ ಸ್ವೀಡನ್ನಿನ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಲಚ್ಚಿತ್ರವನ್ನು ನೋಡಿ, ತಮ್ಮ ಗುರುಗಳಾದ ಮ್ಯಾಲ್ಕಮ್ ಬ್ರಾಡ್‌ಬರಿಯವರೊಡನೆ ಮಾತಿಗೆ ಕುಳಿತರು. ಯೂರೋಪಿನ ಕಲಾವಿದನು ಓದಿ ಕಲ್ಪಿಸಿಕೊಳ್ಳಬೇಕಾದ ಮಧ್ಯಯುಗವು ತಮ್ಮ ಹಳ್ಳಿಯಲ್ಲಿ ಇನ್ನೂ ಜೀವಂತವಾಗಿದೆಯೆಂಬುದು ಅವರಿಗೆ ಹೊಳೆದದ್ದು ಆಗಲೇ. 1965ರಲ್ಲಿ ‘ಸಂಸ್ಕಾರ’ ಕಾದಂಬರಿಯು ಪ್ರಕಟವಾಯಿತು. ಮಲೆನಾಡಿನ ಅಗ್ರಹಾರದ ಒಳಗನ್ನು ಇಷ್ಟು ನಿಷ್ಠುರವಾಗಿ ಕಾಣಲು ಇಂಗ್ಲೆಂಡಿನ ದೂರವು ಬೇಕಾಯಿತು. ಕಂಡುದನ್ನು ಹೇಳಲು ಒದಗಿದ್ದು ಮನೆಯ ಕನ್ನಡವೇ.

ಎಲ್ಲರೂ ಕಾದಂಬರಿಕಾರರಾಗಬೇಕಿಲ್ಲ. ಆದರೆ ಪರದೇಶದ ಹೊಸತನವು ಬಹುಕಾಲ ನಿಲ್ಲದು; ಕೆಲವು ತಿಂಗಳುಗಳಲ್ಲಿ ಕಣ್ಣು ಒಗ್ಗಿಹೋಗುತ್ತದೆ, ಆಮೇಲೆ ಕಾಣುವುದು ಕಡಮೆ. ಆದುದರಿಂದ ದೂರವಾಣಿಯಲ್ಲಿ ‘ಊಟವಾಯಿತೇ?’ ಎಂದು ವಿಚಾರಿಸುವ ತಾಯಿತಂದೆಗಳು, ‘ಇವತ್ತು ಏನು ನೋಡಿದೆ?’ ಎಂದೂ ಕೇಳಲಿ. ಅದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಳುಹಿಸೆಂದೂ ಹೇಳಲಿ. ಹಾಗೆ ಬರೆಯುವ ಮಗನಾಗಲಿ ಮಗಳಾಗಲಿ, ಎಲ್ಲಿ ನೆಲಸಿದರೂ ಮನೆಗೆ ಪರಕೀಯರಾಗಲಾರರು.