ಕಮರಿಯ ಆಚೆ ದಡದಲ್ಲಿ ಮಿಂಚು

ಬ್ರಹ್ಮ, ವಿಷ್ಣು, ಶಿವ ಈ ಮೂವರ ಹೆಸರಿನ 'ಗುಡಿ'ಗಳೂ ಒಂದೇ ಕಮರಿಯೊಳಗೆ ನಿಂತಿರುವ ಸ್ಥಳ ಯಾವುದು? ಕಾಶಿಯಲ್ಲ, ಹಂಪಿಯೂ ಅಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಗ್ರ್ಯಾಂಡ್ ಕ್ಯಾನ್ಯನ್! ಇವು ಮನುಷ್ಯರು ಕಟ್ಟಿದ ಗುಡಿಗಳಲ್ಲ. ನದಿ, ಮಳೆ, ಹಿಮಗಳು ಕೊರೆದು ಉಳಿಸಿದ ಬಂಡೆಯ ಗೋಪುರಗಳು. ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿಯ ಕಣ್ಣಿಗೆ ಇವು ಪೂರ್ವ ದೇಶಗಳ ದೇವಾಲಯಗಳಂತೆ ಕಂಡವು. ಈ ಕಮರಿಯ ಕುರಿತ ಅವರ ಪ್ರಸಿದ್ಧ ಗ್ರಂಥ ಪ್ರಕಟವಾದದ್ದು 1882ರಲ್ಲಿ. ಅವರು ಆರಂಭಿಸಿದ ಪದ್ಧತಿಯನ್ನೇ ಮುಂದೆ ಬಂದವರೂ ಅನುಸರಿಸಿದರು. ಹೀಗಾಗಿ ಇಂದಿಗೂ ಅಲ್ಲಿನ ನಕ್ಷೆಗಳಲ್ಲಿ 'ವಿಷ್ಣು ಟೆಂಪಲ್', 'ಬ್ರಹ್ಮ ಟೆಂಪಲ್', 'ಶಿವ ಟೆಂಪಲ್' ಎಂಬ ಹೆಸರುಗಳೇ ಇವೆ.

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮ ತಂದೆ ತಾಯಂದಿರು ಈ ಕಮರಿಯನ್ನು ನೋಡದೆ ಬರುವುದು ಅಪರೂಪ. ಹೆಚ್ಚಿನವರು ನೋಡುವುದು ಬಿಸಿಲಿನ ಕಮರಿಯನ್ನು. ಆದರೆ ಜುಲೈ, ಆಗಸ್ಟ್ ತಿಂಗಳಲ್ಲಿ ಹೋದವರಿಗೆ ಇನ್ನೊಂದು ದೃಶ್ಯ ಕಾದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಆಚೆ ದಡದ ಮೇಲೆ ಕರಿಮೋಡ ಕವಿಯುತ್ತದೆ. ಮೋಡದಿಂದ ಬೂದು ಬಣ್ಣದ ಮಳೆಯ ಪರದೆ ಇಳಿಯುತ್ತದೆ. ಅದರ ನಡುವೆ ಥಟ್ಟನೆ ಒಂದು ಬೆಳ್ಳಿಯ ಗೆರೆ! ಈ ಗೆರೆಯನ್ನು ಕ್ಯಾಮೆರಾದಲ್ಲಿ ಹಿಡಿಯಲೆಂದೇ ಪ್ರತಿ ಬೇಸಿಗೆಯಲ್ಲೂ ಛಾಯಾಗ್ರಾಹಕರು ಇಲ್ಲಿಗೆ ಬರುತ್ತಾರೆ. ಅವರಿಂದ ವಿದ್ಯಾರ್ಥಿಗಳು ಕಲಿಯಬಹುದಾದದ್ದು ಛಾಯಾಗ್ರಹಣ ಮಾತ್ರವಲ್ಲ. ಸ್ವಲ್ಪ ಭೌತವಿಜ್ಞಾನವಿದೆ, ಸ್ವಲ್ಪ ಭೂಗೋಳವಿದೆ. ಎಲ್ಲಕ್ಕಿಂತ ಮುಖ್ಯವಾಗಿ ದೂರವನ್ನು ಅಳೆಯುವ ವಿದ್ಯೆ ಇದೆ.

ಮರುಭೂಮಿಗೂ ಒಂದು ಮಳೆಗಾಲ

ಮರುಭೂಮಿಯಲ್ಲಿ ಮಳೆಗಾಲವೇ ಎಂದು ಅಚ್ಚರಿಪಡಬೇಡಿ. ಅಲ್ಲಿಯವರು ಅದನ್ನು 'ಮಾನ್ಸೂನ್' ಎಂದೇ ಕರೆಯುತ್ತಾರೆ. ಋತು ಎಂಬ ಅರ್ಥದ 'ಮೌಸಿಮ್' ಎಂಬ ಅರಬ್ಬಿ ಪದದಿಂದ ಬಂದ, ನಮಗೆ ಚಿರಪರಿಚಿತವಾದ ಅದೇ ಶಬ್ದ. ಅಮೆರಿಕದ ಹವಾಮಾನ ಇಲಾಖೆ 2008ರಿಂದ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗಿನ ಅವಧಿಯನ್ನು ಆ ಭಾಗದ ಮಾನ್ಸೂನ್ ಕಾಲವೆಂದು ಗೊತ್ತುಪಡಿಸಿದೆ.

ವರ್ಷದ ಬಹುಕಾಲ ಅಲ್ಲಿ ಪಶ್ಚಿಮದ ಒಣಗಾಳಿ ಬೀಸುತ್ತದೆ. ಬೇಸಿಗೆ ಏರಿದಂತೆ ಗಾಳಿಯ ದಿಕ್ಕು ಬದಲಾಗಿ ಕ್ಯಾಲಿಫೋರ್ನಿಯಾ ಕೊಲ್ಲಿ ಮತ್ತು ಮೆಕ್ಸಿಕೊ ಕಡೆಯಿಂದ ತೇವ ಹರಿದುಬರುತ್ತದೆ. ಆದರೆ ನಮ್ಮ ಮಲೆನಾಡಿನಂತೆ ದಿನಗಟ್ಟಲೆ ಜಡಿಮಳೆ ಅಲ್ಲಿಲ್ಲ. ಕಮರಿಯ ದಕ್ಷಿಣ ಅಂಚಿನಲ್ಲಿ ಇಡೀ ವರ್ಷ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ ಸುಮಾರು 400 ಮಿ.ಮೀ. ಅಷ್ಟೇ. ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಶುಭ್ರವಾಗಿರುತ್ತದೆ. ಬಿಸಿಲಿಗೆ ನೆಲ ಕಾದು ತೇವದ ಗಾಳಿ ಮೇಲೇರುತ್ತದೆ. ಹನ್ನೊಂದು ಗಂಟೆಗೆ ಹತ್ತಿಯ ಉಂಡೆಗಳಂತಿದ್ದ ಮೋಡಗಳು ಎರಡು, ಮೂರು ಗಂಟೆಯ ಹೊತ್ತಿಗೆ ಬೆಟ್ಟದಂತೆ ಬೆಳೆದು, ನೆತ್ತಿ ಚಪ್ಪಟೆಯಾಗಿ ಹರಡಿ, ಕಮ್ಮಾರನ ಅಡಿಗಲ್ಲಿನ ಆಕಾರ ತಾಳುತ್ತವೆ. ಆ ಅಡಿಗಲ್ಲು ಕಂಡಿತೆಂದರೆ ಸಿಡಿಲಿನ ಕಾರ್ಖಾನೆ ಕೆಲಸ ಆರಂಭಿಸಿದೆ ಎಂದೇ ಅರ್ಥ.

ಮೋಡದೊಳಗೆ ಹಗುರವಾದ ಹಿಮದ ಹರಳುಗಳೂ ಮೆತ್ತನೆಯ ಆಲಿಕಲ್ಲುಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಧನ ವಿದ್ಯುದಂಶ ಪಡೆದ ಹರಳುಗಳು ಮೇಲಕ್ಕೆ ತೇಲುತ್ತವೆ. ಋಣ ವಿದ್ಯುದಂಶದ ಆಲಿಕಲ್ಲುಗಳು ಕೆಳಗೆ ಉಳಿಯುತ್ತವೆ. ಈ ಅಂತರ ಮಿತಿ ಮೀರಿದಾಗ ಮೋಡದಿಂದ ಒಂದು ಕವಲು ಮೆಟ್ಟಿಲು ಮೆಟ್ಟಿಲಾಗಿ ನೆಲದತ್ತ ಇಳಿಯುತ್ತದೆ. ನೆಲ ಮುಟ್ಟುವ ಹೊತ್ತಿಗೆ ಕೆಳಗಿನಿಂದ ಮೇಲಕ್ಕೆ ಪ್ರಖರವಾದ ಬೆಳಕು ಹಾಯುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಇದೇ. ಅದರ ದಾರಿಯಲ್ಲಿರುವ ಗಾಳಿಯ ಉಷ್ಣತೆ ಸುಮಾರು 30,000 ಡಿಗ್ರಿ ಸೆಲ್ಸಿಯಸ್, ಅಂದರೆ ಸೂರ್ಯನ ಮೇಲ್ಮೈಯ ಐದು ಪಟ್ಟು!

ಆ ನೆಲದ ಮೂಲನಿವಾಸಿಗಳಾದ ನವಾಹೊ ಜನ ಮಳೆಯಲ್ಲಿ ಗಂಡು, ಹೆಣ್ಣು ಎಂದು ಎರಡು ಬಗೆ ಎಣಿಸುತ್ತಾರೆ. ಗುಡುಗಿ ಅಬ್ಬರಿಸಿ ಸುರಿಯುವುದು ಗಂಡು ಮಳೆ. ಸದ್ದಿಲ್ಲದೆ ನೆಲ ನೆನೆಸುವ ಸೋನೆ ಹೆಣ್ಣು ಮಳೆ. ಛಾಯಾಗ್ರಾಹಕರು ಕಾಯುವುದು ಗಂಡು ಮಳೆಗೆ.

ಕೈಚಳಕವಲ್ಲ, ಬಲೆ

ಮಿಂಚನ್ನು ಕಂಡ ಮೇಲೆ ಗುಂಡಿ ಒತ್ತಿದರೆ ಚಿತ್ರ ಸಿಗುವುದು ಅದೃಷ್ಟವಿದ್ದರೆ ಮಾತ್ರ. ಕಣ್ಣು ನೋಡಿ, ಮೆದುಳು ತಿಳಿದು, ಬೆರಳು ಒತ್ತುವಷ್ಟರಲ್ಲಿ ಸಾಮಾನ್ಯವಾಗಿ ಎಲ್ಲ ಮುಗಿದಿರುತ್ತದೆ. ಆದ್ದರಿಂದ ಮಿಂಚನ್ನು ಬೆನ್ನಟ್ಟುವುದಲ್ಲ, ಬೆಸ್ತರಂತೆ ಬಲೆ ಹಾಕಿ ಕೂರಬೇಕು.

ರಾತ್ರಿಯಲ್ಲಿ ಬಲೆ ಹಾಕುವುದು ಸುಲಭ. ಕ್ಯಾಮೆರಾವನ್ನು ಗಟ್ಟಿಯಾದ ಟ್ರೈಪಾಡ್ ಮೇಲೆ ನಿಲ್ಲಿಸಿ. ಕತ್ತಲಾಗುವ ಮೊದಲೇ ದೂರದ ಗುಡ್ಡಕ್ಕೆ ಫೋಕಸ್ ಮಾಡಿ, ಸ್ವಯಂಚಾಲಿತ ಫೋಕಸ್ ಆರಿಸಿಬಿಡಿ. ಇಲ್ಲವಾದರೆ ಕತ್ತಲಲ್ಲಿ ಲೆನ್ಸ್ ತಡಕಾಡುತ್ತದೆ. ಐಎಸ್‌ಒ 100, ಅಪರ್ಚರ್ ಎಫ್ 8 ಇರಲಿ. ಷಟರ್ 15ರಿಂದ 20 ಸೆಕೆಂಡು ತೆರೆದಿರಲಿ. ಒಂದು ಮುಗಿದೊಡನೆ ಇನ್ನೊಂದು, ಹೀಗೆ ಬಿಡುವಿಲ್ಲದೆ ತೆಗೆಯುತ್ತಾ ಹೋದರೆ ಷಟರ್ ತೆರೆದಿದ್ದಾಗ ಬಿದ್ದ ಮಿಂಚು ತಾನಾಗಿಯೇ ಚಿತ್ರದಲ್ಲಿ ಮೂಡುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಷಟರನ್ನು ಹತ್ತು ಸೆಕೆಂಡು ತೆರೆದರೂ ಮೂವತ್ತು ಸೆಕೆಂಡು ತೆರೆದರೂ ಚಿತ್ರದಲ್ಲಿ ಮಿಂಚಿನ ಪ್ರಕಾಶ ಬದಲಾಗುವುದಿಲ್ಲ. ಏಕೆಂದರೆ ಮಿಂಚು ಬದುಕುವುದೇ ಅರೆ ಸೆಕೆಂಡಿಗಿಂತ ಕಡಿಮೆ. ಅದರ ಹೊಳಪನ್ನು ನಿರ್ಧರಿಸುವುದು ಅಪರ್ಚರ್, ಅಂದರೆ ಲೆನ್ಸಿನ ಕಿಟಕಿ ಎಷ್ಟು ತೆರೆದಿದೆ ಎಂಬುದು. ಕಮರಿಯ ಬಂಡೆ, ಮೋಡ, ಆಕಾಶ ಎಷ್ಟು ಕಾಣಬೇಕೆಂಬುದನ್ನು ನಿರ್ಧರಿಸುವುದು ಷಟರಿನ ಅವಧಿ. ಮಿಂಚು ತೀರಾ ಬೆಳ್ಳಗಾಯಿತೇ? ಎಫ್ 11ಕ್ಕೆ ಹೋಗಿ. ದೂರದ ಮಿಂಚು ಮಂಕಾಯಿತೇ? ಎಫ್ 5.6 ಸಾಕು. ಬಂಡೆಗಳು ಕತ್ತಲಲ್ಲಿ ಕರಗಿದವೇ? ಅವಧಿ ಹೆಚ್ಚಿಸಿ. ಈ ಸೂತ್ರ ತಿಳಿದವನಿಗೆ ಅರ್ಧ ವಿದ್ಯೆ ಬಂದಂತೆ.

ಹಗಲಿನಲ್ಲಿ ಈ ಬಲೆ ಸಾಲದು. ಷಟರನ್ನು ಅಷ್ಟು ಹೊತ್ತು ತೆರೆದಿಟ್ಟರೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಅದಕ್ಕಾಗಿ ಮಿಂಚಿನ ಬೆಳಕನ್ನು ಗ್ರಹಿಸಿ ತಾನೇ ಷಟರ್ ಒತ್ತುವ ಪುಟ್ಟ ಸಾಧನಗಳಿವೆ. ಮಿಂಚು ಬಂದ ಮೇಲೆ ಒತ್ತಿದರೆ ಉಪಯೋಗವೇನು ಎಂದು ಕೇಳಬಹುದು. ನಾವು ಒಂದೇ ಎಂದುಕೊಳ್ಳುವ ಮಿಂಚಿನಲ್ಲಿ ಬಹುಪಾಲು ಸಂದರ್ಭಗಳಲ್ಲಿ ಮೂರು, ನಾಲ್ಕು ಹೊಡೆತಗಳಿರುತ್ತವೆ. ಒಂದೇ ದಾರಿಯಲ್ಲಿ, ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಅಂತರದಲ್ಲಿ! ಮಿಂಚು ಪಟಪಟನೆ ಮಿಟುಕಿದಂತೆ ಕಾಣುವುದು ಇದರಿಂದಲೇ. ಸಾಧನ ಎಚ್ಚರಗೊಳ್ಳುವುದು ಮೊದಲ ಹೊಡೆತಕ್ಕೆ, ಚಿತ್ರ ಮೂಡುವುದು ನಂತರದವುಗಳದ್ದು. ಷಟರ್ ವೇಗ ಸೆಕೆಂಡಿನ ಕಾಲು ಭಾಗದಷ್ಟಿದ್ದರೆ ಅವೆಲ್ಲ ಒಂದೇ ಚಿತ್ರದೊಳಗೆ ಬೀಳುತ್ತವೆ.

ಇಷ್ಟೆಲ್ಲ ಸಲಕರಣೆ ಕೊಡಿಸಬೇಕೇ ಎಂದು ಪೋಷಕರು ಗಾಬರಿಯಾಗಬೇಕಿಲ್ಲ. ಇಂದಿನ ಮೊಬೈಲ್ ಫೋನನ್ನು ಅಲುಗದಂತೆ ಒರಗಿಸಿಟ್ಟು ವಿಡಿಯೊ ತೆಗೆದು, ಆಮೇಲೆ ಅದರಿಂದ ಮಿಂಚಿನ ಚಿತ್ರವನ್ನು ಬೇರ್ಪಡಿಸಿಕೊಂಡರೂ ಕಲಿಕೆ ಆರಂಭವಾಗುತ್ತದೆ. ಹಿಂದೆ ವರ್ಣಚಿತ್ರಕಾರರು ಮಿಂಚನ್ನು ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಬರೆಯುತ್ತಿದ್ದರು. 1882ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಜೆನಿಂಗ್ಸ್ ಎಂಬುವರು ಮಿಂಚಿನ ಛಾಯಾಚಿತ್ರ ತೆಗೆದು, ಅದರ ಆಕಾರ ಹಾಗಿಲ್ಲ, ನದಿಯಂತೆ ಕವಲೊಡೆದು ಹರಿಯುತ್ತದೆ ಎಂದು ತೋರಿಸಿಕೊಟ್ಟರು. ಅವರ ಬಳಿ ಇದ್ದದ್ದು ಗಾಜಿನ ಫಲಕದ ಕ್ಯಾಮೆರಾ.

ಈ ಕಮರಿಯ ಛಾಯಾಗ್ರಹಣಕ್ಕೂ ಶ್ರಮದ ಪರಂಪರೆಯೇ ಇದೆ. ಎಲ್ಸ್‌ವರ್ತ್ ಮತ್ತು ಎಮೆರಿ ಕೋಲ್ಬ್ ಎಂಬ ಸೋದರರು 1904ರಲ್ಲಿ ದಕ್ಷಿಣ ಅಂಚಿನಲ್ಲಿ ಸ್ಟುಡಿಯೊ ಕಟ್ಟಿದರು. ಹೇಸರಗತ್ತೆ ಏರಿ ಕಮರಿಗೆ ಇಳಿಯುವ ಪ್ರವಾಸಿಗರ ಚಿತ್ರ ತೆಗೆಯುವುದು ಅವರ ಕಸುಬು. ಚಿತ್ರ ತೊಳೆಯಲು ಬೇಕಾದ ಶುದ್ಧ ನೀರು ಮೇಲೆ ಇರಲಿಲ್ಲ. ಎಮೆರಿ ಫಲಕಗಳನ್ನು ಹೊತ್ತು ಸುಮಾರು 7 ಕಿ.ಮೀ. ಕೆಳಗೆ ನೀರಿನ ಊಟೆಯಿರುವ ಜಾಗಕ್ಕೆ ಓಡಿ, ಅಲ್ಲಿನ ಕತ್ತಲೆ ಕೋಣೆಯಲ್ಲಿ ಚಿತ್ರ ಸಿದ್ಧಪಡಿಸಿ, ಪ್ರವಾಸಿಗರು ಹಿಂತಿರುಗುವಷ್ಟರಲ್ಲಿ ಮತ್ತೆ ಮೇಲಕ್ಕೆ ಓಡಿಬರುತ್ತಿದ್ದರು!

ಮಿಂಚು ಕಾಣಬೇಕು, ಗುಡುಗು ಕೇಳಬಾರದು

ಮಿಂಚಿನ ಚಿತ್ರಕ್ಕೆ ಈ ಕಮರಿಯೇ ಏಕೆ ಬೇಕು? ಉತ್ತರ ಅದರ ಅಗಲದಲ್ಲಿದೆ. 446 ಕಿ.ಮೀ. ಉದ್ದ, ಒಂದೂವರೆ ಕಿ.ಮೀ.ಗೂ ಮಿಕ್ಕಿದ ಆಳದ ಈ ಕಮರಿಯ ದಕ್ಷಿಣ ಅಂಚಿನಿಂದ ಉತ್ತರ ಅಂಚಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 16 ಕಿ.ಮೀ. (ರಸ್ತೆಯಲ್ಲಾದರೆ ಸುತ್ತಿ ಬಳಸಿ 340 ಕಿ.ಮೀ.!) ಉತ್ತರ ಅಂಚು ದಕ್ಷಿಣಕ್ಕಿಂತ ಸುಮಾರು 300 ಮೀಟರ್ ಎತ್ತರ. ಎತ್ತರದ ನೆಲದ ಮೇಲೆ ಮೋಡ ಬೇಗ ಕಟ್ಟುತ್ತದೆ. ಹೀಗೆ ಈ ದಡದಲ್ಲಿ ನಿಂತು ಆ ದಡದ ಬಿರುಮಳೆಯನ್ನು, ಅಡ್ಡಿಯಿಲ್ಲದೆ, ಅಡಿಯಿಂದ ಮುಡಿಯವರೆಗೆ ನೋಡಬಹುದು.

ಗುಡುಗು ಕೇಳಿಸುವ ದೂರವೂ ಹೆಚ್ಚು ಕಡಿಮೆ ಅಷ್ಟೇ, 16 ಕಿ.ಮೀ. ಆಸುಪಾಸು. ಸಿಡಿಲಿಗೆ ಮಳೆಯ ಗಡಿ ದಾಟಿ ಅಷ್ಟೇ ದೂರ ಹಾರಿ ಬಡಿಯುವ ಶಕ್ತಿಯೂ ಇದೆ. ತಲೆಯ ಮೇಲೆ ನೀಲಿ ಆಕಾಶವಿರುವಾಗಲೇ ಸಿಡಿಲು ಬಡಿದ ಪ್ರಸಂಗಗಳಿವೆ. ಆದ್ದರಿಂದ ಗುಡುಗು ಕೇಳಿಸಿತೆಂದರೆ ಸಿಡಿಲಿನ ಕೈಗೆ ನೀವು ಎಟುಕುವಿರಿ ಎಂದೇ ತಿಳಿಯಬೇಕು. ಮಿಂಚು ಕಾಣುತ್ತಿದೆ, ಗುಡುಗು ಕೇಳುತ್ತಿಲ್ಲ ಎಂದರೆ ಬಯಲಿನಲ್ಲಿ ನಿಂತು ಚಿತ್ರ ತೆಗೆಯಲು ಅದೇ ಸಕಾಲ. ಗುಡುಗು ಕೇಳಿತೇ? ಅಂಚನ್ನೂ ಲೋಹದ ಕಂಬಿಗಳನ್ನೂ ಒಂಟಿ ಮರಗಳನ್ನೂ ಬಿಟ್ಟು ಕಟ್ಟಡಕ್ಕೋ ಗಾಜು ಏರಿಸಿದ ಕಾರಿಗೋ ಸೇರಿಕೊಳ್ಳಬೇಕು. ಕಾರು ಕಾಪಾಡುವುದು ಅದರ ರಬ್ಬರ್ ಚಕ್ರಗಳಿಂದಲ್ಲ. ಲೋಹದ ಒಡಲು ವಿದ್ಯುತ್ತನ್ನು ಹೊರಮೈಯಲ್ಲೇ ಹರಿಸಿ ನೆಲಕ್ಕೆ ಸಾಗಿಸುವುದರಿಂದ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆಯುವವರೆಗೆ ಹೊರಬರಬಾರದು. ಅನುಭವಿಗಳು ಮಿಂಚು ಗ್ರಹಿಸುವ ಸಾಧನವನ್ನು ಮೆಚ್ಚುವುದೂ ಇದಕ್ಕೇ. ಕ್ಯಾಮೆರಾ ಹೊರಗೆ ಕೆಲಸ ಮಾಡುತ್ತದೆ, ಮನುಷ್ಯ ಒಳಗೆ ಕೂತಿರುತ್ತಾನೆ.

ದೂರದ ಮಳೆ ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ಗ್ರ್ಯಾಂಡ್ ಕ್ಯಾನ್ಯನ್ನಿನಿಂದ ಸುಮಾರು 200 ಕಿ.ಮೀ. ರಸ್ತೆಯ ದೂರದಲ್ಲಿ, ಪೇಜ್ ಎಂಬ ಊರಿನ ಬಳಿ ನವಾಹೊ ಜನರ ನೆಲದಲ್ಲಿ ಆಂಟಿಲೋಪ್ ಕ್ಯಾನ್ಯನ್ ಇದೆ. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಕಿರಿದಾದ ತಾಣಗಳುಳ್ಳ, ನೀರು ನುಣುಪಾಗಿ ಕೊರೆದ ಕೆಂಪು ಓಣಿ ಅದು. ಛಾಯಾಗ್ರಾಹಕರ ಪಾಲಿಗೆ ಯಾತ್ರಾಸ್ಥಳ. 1997ರ ಆಗಸ್ಟ್ 12ರಂದು ಅಲ್ಲಿ ಇಳಿದಿದ್ದ 11 ಮಂದಿ ಪ್ರವಾಸಿಗರು ಹಠಾತ್ ಪ್ರವಾಹದಲ್ಲಿ ಕೊಚ್ಚಿಹೋದರು. ಬದುಕಿದ್ದು ಮಾರ್ಗದರ್ಶಿಯೊಬ್ಬರೇ. ಅವರಿದ್ದ ಜಾಗದಲ್ಲಿ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಹಲವು ಕಿ.ಮೀ. ಮೇಲ್ಭಾಗದಲ್ಲಿ ಸುರಿದ ಮಳೆ, ನೀರು ಕುಡಿಯದ ಬಂಡೆಯ ಮೇಲೆ ಜಾರಿ ಆ ಕಿರಿದಾದ ಓಣಿಗೆ ನುಗ್ಗಿತ್ತು. ಈಗ ಅಲ್ಲಿ ಮಾರ್ಗದರ್ಶಿಗಳಿಲ್ಲದೆ ಪ್ರವೇಶವಿಲ್ಲ. ದೂರದಲ್ಲಿ ಗುಡುಗಿದರೆ ಇಂಥ ಓಣಿಗಳಿಂದ ಮೇಲೇರುವುದು ಮೊದಲ ಕೆಲಸ.

ಕೆಲವೊಮ್ಮೆ ಮಳೆಯ ಪರದೆ ನೆಲ ಮುಟ್ಟುವ ಮೊದಲೇ ಒಣಗಾಳಿಯಲ್ಲಿ ಆವಿಯಾಗಿಬಿಡುತ್ತದೆ. ಚಿತ್ರಕ್ಕೆ ಇದು ಸೊಗಸು, ಕಾಡಿಗೆ ಕಂಟಕ. ಏಕೆಂದರೆ ಮಳೆ ಇಳಿಯದಿದ್ದರೂ ಸಿಡಿಲು ಇಳಿಯುತ್ತದೆ! 2025ರ ಜುಲೈ 4ರಂದು ಉತ್ತರ ಅಂಚಿನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಕೆಲವೇ ದಿನಗಳಲ್ಲಿ ಕಾಳ್ಗಿಚ್ಚಾಯಿತು. ಕಮರಿಯ ತುದಿಯಲ್ಲಿದ್ದ ಐತಿಹಾಸಿಕ ಗ್ರ್ಯಾಂಡ್ ಕ್ಯಾನ್ಯನ್ ಲಾಡ್ಜ್ ಕಟ್ಟಡ ಸುಟ್ಟು ಬೂದಿಯಾಯಿತು. ದಕ್ಷಿಣ ದಡದವರಿಗೆ ಮಿಂಚಾಗಿ ಕಾಣುವುದು ಉತ್ತರ ದಡದವರಿಗೆ ಏನಾಗಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಹೋಗುವವರಿಗೆ ಎರಡು ಮಾತು

ಮಿಂಚಿನ ಆಸೆಯಿದ್ದರೆ ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಹೋಗಿ. ಒಂದೇ ದಿನ ಇಟ್ಟುಕೊಂಡರೆ ನಿರಾಶೆ ಖಚಿತ, ಮೂರು ದಿನವಾದರೂ ಇರಲಿ. ಬೆಳಿಗ್ಗೆಯೇ ಯಾವಪಾಯ್, ಲಿಪಾನ್, ಡೆಸರ್ಟ್ ವ್ಯೂ ಮೊದಲಾದ ವೀಕ್ಷಣಾ ತಾಣಗಳನ್ನು ನೋಡಿ, ಕಾರು ಎಲ್ಲಿ ನಿಲ್ಲಿಸಬಹುದು, ಎಷ್ಟು ಹೆಜ್ಜೆಯಲ್ಲಿ ಹಿಂದಿರುಗಬಹುದು ಎಂದು ಎಣಿಸಿಟ್ಟುಕೊಳ್ಳಿ. ಕ್ಯಾಮೆರಾಕ್ಕೆ ಹೊದಿಸಲು ಪ್ಲಾಸ್ಟಿಕ್ ಚೀಲ, ಲೆನ್ಸ್ ಒರೆಸಲು ಹತ್ತಿ ಬಟ್ಟೆ ಜೊತೆಗಿರಲಿ. ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದೆ ಹೆಜ್ಜೆ ಇಡುವ ಅಭ್ಯಾಸ ಬೇಡ. ಅನೇಕ ಕಡೆ ಅಂಚಿಗೆ ಕಂಬಿಯೇ ಇಲ್ಲ. ಸಂಜೆ ಮಳೆ ಪೂರ್ವಕ್ಕೆ ಸರಿದು, ಪಶ್ಚಿಮದ ಬಿಸಿಲು ಮೋಡದಡಿಯಿಂದ ತೂರಿಬಂದರೆ ವಿಷ್ಣುವಿನ ಗೋಪುರದ ಮೇಲೆ ಕಾಮನಬಿಲ್ಲು ಕಾಣುವ ಭಾಗ್ಯವೂ ಸಿಗಬಹುದು.

ಅಲ್ಲಿಗೆ ಹೋಗಲಾಗದ ಮಕ್ಕಳಿಗೂ ಈ ವಿದ್ಯೆಯ ಮೊದಲ ಪಾಠ ಮನೆಯಲ್ಲೇ ಸಾಧ್ಯ. ನಮ್ಮಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಬರುತ್ತದೆ. ಹೊಲದಲ್ಲಿ, ಮರದಡಿಯಲ್ಲಿ ನಿಂತವರು ಸಿಡಿಲಿಗೆ ಬಲಿಯಾದ ಸುದ್ದಿಯನ್ನು ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಓದುತ್ತೇವೆ. ಮನೆಯೊಳಗೆ ಕುಳಿತು, ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ, ಮೂರರಿಂದ ಭಾಗಿಸಲು ಮಕ್ಕಳಿಗೆ ಹೇಳಿ. ಸಿಡಿಲು ಎಷ್ಟು ಕಿ.ಮೀ. ದೂರದಲ್ಲಿದೆ ಎಂಬ ಲೆಕ್ಕ ಸಿಗುತ್ತದೆ. ಪ್ರತಿ ಎಣಿಕೆಯನ್ನೂ ಗಂಟೆ, ನಿಮಿಷದೊಡನೆ ಪುಸ್ತಕದಲ್ಲಿ ಬರೆದಿಟ್ಟರೆ ಮಳೆ ಹತ್ತಿರ ಬರುತ್ತಿದೆಯೇ, ದೂರ ಸರಿಯುತ್ತಿದೆಯೇ ಎಂದು ಅವರೇ ಹೇಳಬಲ್ಲರು. ಕ್ಯಾಮೆರಾ ಆಮೇಲೆ ಕೊಡಿಸಿದರಾಯಿತು.