ಆಯಿಯ ಬ್ರಹ್ಮಕಮಲ

ಸಮೀರವಾಡಿಯ ಸಕ್ಕರೆ ಕಾರ್ಖಾನೆಯಿಂದ ಅಪ್ಪ ರಿಟೈರ್ ಆದ ವರ್ಷ ಕ್ವಾರ್ಟರ್ಸ್ ಬಿಡಬೇಕಾಯಿತು. ಆಯಿ ತೀರಿಕೊಂಡು ಆಗ ಆರು ತಿಂಗಳು. ಅವಳ ಬ್ರಹ್ಮಕಮಲ ಹಿತ್ತಲ ಗೋಡೆಗೆ ಆತುಕೊಂಡು ಆಳೆತ್ತರ ಬೆಳೆದಿತ್ತು, ಎತ್ತಿ ಒಯ್ಯುವಂತಿರಲಿಲ್ಲ. ಮೂರು ತುಂಡು ಕತ್ತರಿಸಿಕೊಂಡು ಬೆಂಗಳೂರಿಗೆ ಬಂದೆ. ಜೊತೆಗೊಂದು ಚೀಲ ಎರಿ ಮಣ್ಣು. ಊರಿನ ಗಿಡ ಊರಿನ ಮಣ್ಣಲ್ಲೇ ಇರಲಿ ಅಂತ.

ಇಂಜಿನಿಯರ್ ಬುದ್ಧಿ, ಮೊದಲು ಹೆಸರು ಹುಡುಕಿದೆ. ನೋಡಿದರೆ ಅದು ಬ್ರಹ್ಮಕಮಲವೇ ಅಲ್ಲ! ಆ ಹೆಸರಿನ ನಿಜವಾದ ಗಿಡ ಹಿಮಾಲಯದ ಎತ್ತರದಲ್ಲಿ ಬೆಳೆಯುತ್ತೆ, ಸೂರ್ಯಕಾಂತಿ ಕುಟುಂಬದ್ದು, ಉತ್ತರಾಖಂಡದ ರಾಜ್ಯಪುಷ್ಪ. ನಮ್ಮದು ಎಪಿಫಿಲಮ್ ಆಕ್ಸಿಪೆಟಾಲಮ್, ಮೆಕ್ಸಿಕೊ ಕಡೆಯಿಂದ ಬಂದ, ಪಾಪಾಸುಕಳ್ಳಿಯ ಬಳಗದ ಗಿಡ. ನಾವು ಎಲೆ ಅಂದುಕೊಂಡಿದ್ದು ಚಪ್ಪಟೆ ಕಾಂಡ. ಅದರ ಅಂಚಿನಲ್ಲೇ ಮೊಗ್ಗು ಮೂಡಿ, ರಾತ್ರಿ ಅರಳಿ, ಬೆಳಗಾಗೋದ್ರೊಳಗೆ ಬಾಡುತ್ತೆ. ಅವ್ವನಿಗೆ ಫೋನ್ ಮಾಡಿ ಹೇಳಿದೆ. "ಹೌದೇನು? ಆಯಿ ಅದಕ್ಕ ಅರಿಷಿಣ ಕುಂಕುಮ ಏರಿಸಿ ಓಣಿಯವರನ್ನೆಲ್ಲಾ ಕರೀತಿದ್ಲಲ್ಲೋ" ಅಂದಳು.

ಹೆಸರು ಸಿಕ್ಕಿತು, ಗಿಡ ಹೋಯಿತು. ಕತ್ತರಿಸಿದ ಮಾರನೇ ದಿನವೇ ನೆಟ್ಟು ದಿನಾ ನೀರು ಹಾಕಿದ್ದೆ. ನೀರು ಹಿಡಿದಿಟ್ಟುಕೊಳ್ಳೋ ಎರಿ ಮಣ್ಣು ಕಬ್ಬಿಗೇನೋ ಸರಿ. ಎರಡು ವಾರಕ್ಕೆ ಮೂರೂ ತುಂಡು ಬುಡದಲ್ಲಿ ಕೊಳೆತವು. ಹಳೇ ಮನೆಯ ಗಿಡ ವಿಚಾರಿಸಿದರೆ, ಗೋಡೆಗೆ ಬಣ್ಣ ಹಚ್ಚುವಾಗ ಕಿತ್ತು ಹಾಕಿದ್ದರಂತೆ. ಅವ್ವನಿಗೆ ಹೇಳೋಕೆ ಬಾಯೇ ಬರಲಿಲ್ಲ.

ದೀಪಾವಳಿಗೆ ಮುಧೋಳದ ಮನೆಗೆ ಹೋದಾಗ ಹೇಳಿದೆ. ಅವ್ವ ಬೈಯಲಿಲ್ಲ. "ಹಿಂದಿನ ಸಾಲಿನ ಕಾಕೂಗೂ ಆಯಿನ ಕೊಟ್ಟಿದ್ಲು. ಹೋಗಿ ಕೇಳು."

ಮರುದಿನವೇ ಸಮೀರವಾಡಿಗೆ ಹೋದೆ. ಕಾಕು ಎರಡು ತುಂಡು ಕಡಿದು ಕೊಟ್ಟರು. "ತಮ್ಮಾ, ಗಡಿಬಿಡಿ ಮಾಡಬ್ಯಾಡ. ಕಡದ ಗಾಯ ಆರಬೇಕು, ಎಂಟ ದಿನ ನೆಳ್ಳಾಗ ಇಡು, ಆಮ್ಯಾಲ ಹಚ್ಚು. ನಿಮ್ಮ ಆಯಿನ ಹೇಳಿದ್ದು." ಇದೇ ಮಾತು ಇಂಟರ್ನೆಟ್ಟಿನಲ್ಲೂ ಇತ್ತು. ಹೆಸರು ಸಿಕ್ಕ ಖುಷಿಯಲ್ಲಿ ನಾನು ಅಷ್ಟು ಕೆಳಗಿನವರೆಗೆ ಓದಿರಲಿಲ್ಲ.

ಈ ಸಲ ತಲೆಕೆಳಗಾಗದಂತೆ ಬುಡದ ಕಡೆ ದಾರ ಕಟ್ಟಿಟ್ಟೆ. ಗಾಯ ಒಣಗಿ ಗಟ್ಟಿಯಾದ ಮೇಲೆ ಮರಳು, ತೆಂಗಿನ ನಾರಿನ ಪುಡಿ, ಒಂದಿಷ್ಟು ಗೊಬ್ಬರ ಬೆರೆಸಿ, ಎರಡು ಬೆರಳಿನಷ್ಟು ಆಳಕ್ಕೆ ನೆಟ್ಟೆ. ಮೇಲಿನ ಮಣ್ಣು ಒಣಗಿದಾಗ ಮಾತ್ರ ನೀರು. ಉರಿಬಿಸಿಲು ಬೀಳದ, ಬೆಳಕು ಬರೋ ಬಾಲ್ಕನಿ ಮೂಲೆ. ಒಂದೂವರೆ ತಿಂಗಳಿಗೆ ಮೆಲ್ಲಗೆ ಎಳೆದರೆ ಕದಲಲಿಲ್ಲ, ಬೇರು ಹಿಡಿದಿತ್ತು.

ಹೋದ ವಾರ ಅಂಚಿನಲ್ಲಿ ಕೆಂಪು ಛಾಯೆಯ ಚಿಗುರು ಬಂದಿದೆ. ಹೂವಿಗೆ ಇನ್ನೂ ಎರಡು ಮೂರು ವರ್ಷ ಬೇಕಾದೀತು. ಕಾಕೂಗೆ ಫೋಟೊ ಕಳಿಸಿದೆ. ಅವರ ಉತ್ತರ: "ದೊಡ್ಡದಾದ ಮ್ಯಾಲ ನನಗೂ ಒಂದ ತುಂಡ ಇಡು. ನಮ್ಮವರದೂ ಬರೋ ವರ್ಷ ರಿಟೈರ್."