ಹೆಂಚಿನ ಮನೆಯಲ್ಲಿ ನನ್ನ ಪಾಲು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ನೀವು ಎಂದಾದರೂ ಕುಳಿತಿದ್ದರೆ ಮಾಚೇನಹಳ್ಳಿಯನ್ನು ನೋಡಿಯೇ ಇರುತ್ತೀರಿ. ಆದರೆ ನಿಮಗದು ನೆನಪಿರಲಿಕ್ಕಿಲ್ಲ. ಹೆದ್ದಾರಿಯ ಪಕ್ಕದಲ್ಲಿ ಹಾಲಿನ ಡೇರಿ, ಮೀಸಲು ಪೊಲೀಸ್ ಪಡೆಯ ವಸತಿ, ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಸಾಲಾಗಿ ನಿಂತ ಲಾರಿಗಳು. ಇಳಿದು ನೋಡಬೇಕು ಎನಿಸುವಂಥದ್ದು ಅಲ್ಲಿ ಏನಿದೆ ಎಂದು ನೀವು ಕೇಳಬಹುದು. ನಾನು ಹುಟ್ಟಿದ್ದು ಅಲ್ಲಿಯೇ. ಅಲ್ಲಿನ ಒಂದು ಹೆಂಚಿನ ಮನೆಯ ಚಿಂತೆಯೇ ನನ್ನನ್ನು ನಮ್ಮ ಜಿಲ್ಲೆಯ ಹಳೆಯ ಕಟ್ಟಡಗಳನ್ನೆಲ್ಲ ಸುತ್ತುವಂತೆ ಮಾಡಿತು. ಆ ಸುತ್ತಾಟದ ಕಥೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ನಮ್ಮ ದಾದಾ ಭದ್ರಾವತಿಗೆ ಬಂದದ್ದು ಕಬ್ಬಿಣದ ಕಾರ್ಖಾನೆಯನ್ನು ನಂಬಿಕೊಂಡು. ಆಗ ಆ ಊರಿನ ಹಳೆಯ ಹೆಸರಾದ ಬೆಂಕಿಪುರ ಇನ್ನೂ ಹಿರಿಯರ ಬಾಯಲ್ಲಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಆ ಕಾರ್ಖಾನೆಗೆ 1918ರಲ್ಲಿ ಅಡಿಪಾಯ ಬಿತ್ತು. 1923ರಲ್ಲಿ ಕುಲುಮೆ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಕಾಡಿನಿಂದ. ದಾದಾ ಇದ್ದಿಲಿನ ಗಾಡಿ ಹೊಡೆಯುತ್ತಿದ್ದರು. ಕೂಡಿಟ್ಟ ಹಣದಲ್ಲಿ ಮಾಚೇನಹಳ್ಳಿಯಲ್ಲಿ ಜಾಗ ಕೊಂಡು, ಮಣ್ಣಿನ ಗೋಡೆ ಎತ್ತಿ, ಮಂಗಳೂರು ಹೆಂಚು ಹೊದಿಸಿ ಮನೆ ಕಟ್ಟಿದರು. ಮುಂದೆ ಜಗುಲಿ, ಒಳಗೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ಪುಟ್ಟ ತೊಟ್ಟಿ, ಸುತ್ತ ಕೋಣೆಗಳು.

ಆ ತೊಟ್ಟಿಯ ಬೆಲೆ ಹೆಂಗಸರಿಗೇ ಗೊತ್ತು ಸಹೋದರಿಯರೇ. ಹೊರಗಿನವರ ಕಣ್ಣಿಗೆ ಬೀಳದೆ ಬಿಸಿಲು ಕಾಯಬಹುದಿತ್ತು, ಹಪ್ಪಳ ಒಣಗಿಸಬಹುದಿತ್ತು, ಮಗುವಿಗೆ ಎಣ್ಣೆ ಹಚ್ಚಬಹುದಿತ್ತು. ರಮಝಾನಿನಲ್ಲಿ ಚಂದ್ರನನ್ನು ಹುಡುಕಲು ಯಾರೂ ಬೀದಿಗೆ ಓಡಬೇಕಾಗಿರಲಿಲ್ಲ. ದಾದಿ ತೊಟ್ಟಿಯ ಅಂಚಿನಲ್ಲಿ ಕುಳಿತು ನಮಗೆಲ್ಲ ಕುರ್‌ಆನಿನ ಮೊದಲ ಅಕ್ಷರಗಳನ್ನು ಕಲಿಸಿದರು. ನನ್ನ ಮೊದಲ ಮದ್ರಸಾ ಅದೇ.

ಅಬ್ಬಾ ತೀರಿಕೊಂಡ ಮೇಲೆ ಮಾತು ಶುರುವಾಯಿತು. ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿಯಿತು. ಕೈಗಾರಿಕಾ ಪ್ರದೇಶ ಬೆಳೆದಂತೆ ಜಾಗದ ಬೆಲೆಯೂ ಏರಿತ್ತು. "ಆಪಾ, ಮಣ್ಣಿನ ಮನೆಗೆ ಎಷ್ಟು ಅಂತ ದುಡ್ಡು ಸುರಿಯೋದು? ಕೆಡವಿ ಮಾರಿಬಿಡೋಣ. ಅಮ್ಮಿ ನಮ್ಮ ಜೊತೆ ಶಿವಮೊಗ್ಗದಲ್ಲಿ ಇರಲಿ" ಎಂದ ದೊಡ್ಡ ತಮ್ಮ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಮ್ಮಿ ಮಾತ್ರ ಏನೂ ಹೇಳಲಿಲ್ಲ. ಎದ್ದು ತೊಟ್ಟಿಯ ಬಳಿ ಹೋಗಿ ಕುಳಿತರು.

ಅದೇ ವರ್ಷ ಶಾಲೆಯ ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಜವಾಬ್ದಾರಿ ನನಗೆ ಬಂತು. ದೂರದ ಊರುಗಳ ಬದಲು ನಮ್ಮ ಜಿಲ್ಲೆಯನ್ನೇ ನೋಡೋಣ ಎಂದೆ. ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆಯಿತ್ತು: ಹಿಂದಿನವರು ಕಟ್ಟಿದ್ದು ಉಳಿದದ್ದು ಹೇಗೆ? ಉಳಿಯದೆ ಹೋದದ್ದು ಏಕೆ?

ಮೊದಲು ಹೋದದ್ದು ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ, ತುಂಗಾ ನದಿಯ ಹತ್ತಿರವಿರುವ ಶಿವಪ್ಪ ನಾಯಕನ ಅರಮನೆಗೆ. 1645ರಿಂದ 1660ರವರೆಗೆ ಆಳಿದ ಕೆಳದಿಯ ಈ ಅರಸ ಭೂಮಿಯನ್ನು ಅಳೆಸಿ, ಫಸಲು ನೋಡಿ ಕಂದಾಯ ಗೊತ್ತುಮಾಡಿದವನು. ಅವನ 'ಶಿಸ್ತು' ಇಂದಿಗೂ ನಮ್ಮ ಕಡೆ ಗಾದೆಯಂತೆ ಬಳಕೆಯಲ್ಲಿದೆ. ಅವನ ಹೆಸರಿನಲ್ಲಿರುವ ಈ ಅರಮನೆ ಕಣ್ಣು ಕುಕ್ಕುವಂಥದ್ದಲ್ಲ. ದಪ್ಪ ಮರದ ಕಂಬಗಳು, ಕೆತ್ತನೆಯ ಕಮಾನುಗಳು, ಮೇಲೆ ಮರದ ಉಪ್ಪರಿಗೆ. ಈಗ ಅದು ಸರಕಾರಿ ವಸ್ತುಸಂಗ್ರಹಾಲಯ. ಸುತ್ತಲಿನ ಊರುಗಳಲ್ಲಿ ಸಿಕ್ಕ ಶಿಲ್ಪಗಳನ್ನೂ ಅಲ್ಲಿ ತಂದಿಟ್ಟಿದ್ದಾರೆ. ಒಬ್ಬ ಹುಡುಗಿ ಕಂಬವನ್ನು ತಬ್ಬಿ ನೋಡಿದಳು. ಅವಳ ಎರಡು ಕೈ ಒಂದಕ್ಕೊಂದು ಮುಟ್ಟಲಿಲ್ಲ. "ಟೀಚರ್, ಮರ ಇಷ್ಟು ವರ್ಷ ಹಾಳಾಗಲ್ವಾ?" ಎಂದು ಕೇಳಿದಳು. ನೀರು ತಾಗದಂತೆ, ಗೆದ್ದಲು ಹತ್ತದಂತೆ ನೋಡಿಕೊಂಡರೆ ಮರ ತಲೆಮಾರುಗಳ ಕಾಲ ಬಾಳುತ್ತದೆ ಎಂದೆ. ಹೇಳುವಾಗ ನಮ್ಮ ಮನೆಯ ಸೋರುವ ಮಾಡು ನೆನಪಾಗಿ ನನಗೇ ನಾಚಿಕೆಯಾಯಿತು.

ಅಲ್ಲಿಂದ ತೀರ್ಥಹಳ್ಳಿಯ ದಾರಿ ಹಿಡಿದೆವು. ಆ ತಾಲೂಕಿನ ಕವಲೇದುರ್ಗ ಕೆಳದಿಯವರ ಗಿರಿದುರ್ಗ. ಸುತ್ತು ಸುತ್ತಾಗಿ ಕಲ್ಲಿನ ಗೋಡೆಗಳು, ಬಾಗಿಲುಗಳು, ಕೊಳಗಳು ಇನ್ನೂ ಇವೆ. ಆದರೆ ಮೇಲಿದ್ದ ಅರಮನೆಯದ್ದು ಅಡಿಪಾಯ ಮಾತ್ರ. ಮಕ್ಕಳು ಓಡಿ ಹೋಗಿ ನೋಡಿದ್ದು ಅಡುಗೆ ಮನೆಯನ್ನು. ಐದು ಕಡೆ ಪಾತ್ರೆ ಇಡುವಂತೆ ಮಾಡಿದ ಕಲ್ಲಿನ ಒಲೆ ಅಲ್ಲಿದೆ. ರಾಜರ ಗದ್ದುಗೆ ಉಳಿಯಲಿಲ್ಲ, ಅಡುಗೆಯ ಒಲೆ ಉಳಿಯಿತು! ಆ ಒಲೆಯ ಮುಂದೆ ಬೆವರು ಸುರಿಸಿದ ಹೆಂಗಸರ ಹೆಸರು ಯಾವ ಶಾಸನದಲ್ಲೂ ಇಲ್ಲ. ಅವರ ನೆನಪನ್ನು ಈ ಕಲ್ಲೇ ಹೊತ್ತುಕೊಂಡಿದೆ.

ಆಮೇಲೆ ಕುಪ್ಪಳಿ. 1904ರಲ್ಲಿ ಹುಟ್ಟಿ 1994ರಲ್ಲಿ ತೀರಿಕೊಂಡ ರಾಷ್ಟ್ರಕವಿ ಕುವೆಂಪು ಬೆಳೆದ ಮನೆ. ಮೂರು ಅಂತಸ್ತಿನ ಹೆಂಚಿನ ಮನೆ, ನಡುವೆ ದೊಡ್ಡ ತೊಟ್ಟಿ. ಕುವೆಂಪು ಪ್ರತಿಷ್ಠಾನ ಅದನ್ನು ದುರಸ್ತಿ ಮಾಡಿ ಕವಿಮನೆ ಎಂಬ ಸ್ಮಾರಕವಾಗಿಸಿದೆ. ಪುಸ್ತಕ, ಛಾಯಾಚಿತ್ರಗಳ ಜೊತೆಗೆ ಮಲೆನಾಡಿನ ಮನೆಗಳಲ್ಲಿ ಬಳಸುತ್ತಿದ್ದ ಪಾತ್ರೆ, ಬುಟ್ಟಿ, ಬೇಸಾಯದ ಸಾಮಾನುಗಳನ್ನೂ ಅಲ್ಲಿ ಜೋಡಿಸಿಟ್ಟಿದ್ದಾರೆ. 2015ರ ನವೆಂಬರಿನಲ್ಲಿ ಕಳ್ಳರು ನುಗ್ಗಿ ಕವಿಗೆ ಸಂದಿದ್ದ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದೊಯ್ದರು. ಕೇಳಿದಾಗ ನಾಡಿಗೆ ನಾಡೇ ಮರುಗಿತು. ಆದರೂ ಜನ ಅಲ್ಲಿಗೆ ಬರುವುದು ನಿಲ್ಲಲಿಲ್ಲ. ಜನ ಬರುತ್ತಿದ್ದದ್ದು ಪದಕ ನೋಡಲು ಅಲ್ಲ, ಒಬ್ಬ ಹುಡುಗ ಯಾವ ಜಗುಲಿಯಲ್ಲಿ ಕುಳಿತು ಮಳೆ ನೋಡಿದ ಎಂದು ತಿಳಿಯಲು.

ಆ ತೊಟ್ಟಿಯ ಎದುರು ನಿಂತಾಗ ನನ್ನ ಕಣ್ಣು ತುಂಬಿ ಬಂತು. ನಮ್ಮದು ಕವಿಯ ಮನೆಯಲ್ಲ. ಇದ್ದಿಲು ಗಾಡಿ ಹೊಡೆದವರ ಮನೆಗೆ ಯಾವ ಪ್ರತಿಷ್ಠಾನ ಬರುತ್ತದೆ? ಅದನ್ನು ನಾವೇ ಉಳಿಸಬೇಕು, ಇಲ್ಲವೇ ಅದು ಹೋಗಬೇಕು.

ಕೊನೆಯ ದಿನ ಭದ್ರಾವತಿ, ಚನ್ನಗಿರಿ ಮಾರ್ಗವಾಗಿ ಸಂತೇಬೆನ್ನೂರಿಗೆ ಹೋದೆವು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಅದೂ ನಮ್ಮ ಜಿಲ್ಲೆಯೇ ಆಗಿತ್ತು. ಅಲ್ಲಿನ ಪುಷ್ಕರಿಣಿಯ ಅಂದವನ್ನು ಹೇಗೆ ವರ್ಣಿಸಲಿ! ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ದಡದಲ್ಲಿ ಮಂಟಪಗಳು, ನೀರಿನ ನಡುವೆ ಗೋಪುರದಂತೆ ಎದ್ದು ನಿಂತ ವಸಂತ ಮಂಟಪ. ಸ್ಥಳೀಯ ಪಾಳೆಯಗಾರ ಹನುಮಪ್ಪ ನಾಯಕನ ಕಾಲದ್ದು. ಅದರ ಕಮಾನುಗಳಲ್ಲಿ ಬಿಜಾಪುರದ ಶೈಲಿಯೂ ಇದೆ, ಇಲ್ಲಿನ ದೇವಾಲಯಗಳ ಶೈಲಿಯೂ ಇದೆ. ಪಕ್ಕದಲ್ಲಿಯೇ ಮುಸಾಫಿರ್‌ಖಾನೆ ಎಂದು ಕರೆಯುವ ಉದ್ದನೆಯ ಕಲ್ಲಿನ ಕಟ್ಟಡ. ಎರಡನ್ನೂ ಕೇಂದ್ರ ಪುರಾತತ್ವ ಇಲಾಖೆ ಕಾಪಾಡುತ್ತಿದೆ.

ಮಕ್ಕಳು ಮುಸಾಫಿರ್‌ಖಾನೆಯ ಕಥೆ ಕೇಳಿದರು. ಹದಿನೇಳನೇ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಈ ಊರನ್ನು ಗೆದ್ದು, ಇಲ್ಲಿದ್ದ ರಂಗನಾಥ ದೇವಾಲಯವನ್ನು ಕೆಡವಿ ಇದನ್ನು ಕಟ್ಟಿಸಿದನೆಂದೂ, ಹನುಮಪ್ಪ ನಾಯಕ ಸೇಡು ತೀರಿಸಿಕೊಂಡ ಮೇಲೆ ಇಲ್ಲಿ ನಮಾಝ್ ನಡೆಯಲಿಲ್ಲವೆಂದೂ ಹೇಳುತ್ತಾರೆ. ಆ ಮಾತನ್ನು ಮಕ್ಕಳಿಂದ ಮುಚ್ಚಿಡಬೇಕೇ ಎಂದು ಒಂದು ಕ್ಷಣ ಅಳುಕಿದೆ. ಆದರೆ ನ್ಯಾಯದ ಮಾತು ಬಂದಾಗ ನಮ್ಮವರೆಂದು ಪಕ್ಷ ವಹಿಸಬಾರದೆಂದು ಮದ್ರಸಾದಲ್ಲಿ ನನಗೆ ಕಲಿಸಿದ್ದಾರೆ. ಇತಿಹಾಸದ ತರಗತಿಯಲ್ಲಿ ಕಲಿತದ್ದೂ ಅದನ್ನೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅರಸರು ಕೆಡವಿದರು, ಅರಸರು ಕಟ್ಟಿದರು. ನಮಗೆ ಉಳಿದಿರುವುದು ಎರಡನ್ನೂ ಜೋಪಾನ ಮಾಡುವ ಕೆಲಸ ಎಂದೆ. ಕೊಳದ ಮೆಟ್ಟಿಲ ಮೇಲೆ ಕುಳಿತು ಎಲ್ಲ ಮಕ್ಕಳೂ ಬುತ್ತಿ ಬಿಚ್ಚಿದರು. ಒಬ್ಬರ ಚಿತ್ರಾನ್ನ ಇನ್ನೊಬ್ಬರ ಖೀಮಾ ರೊಟ್ಟಿಯ ಪಕ್ಕಕ್ಕೆ ಬಂತು. ಪಯಣಿಗರು ತಂಗುವ ಜಾಗ ಎಂಬ ಹೆಸರು ಆ ಹೊತ್ತಿಗೆ ಸಾರ್ಥಕವಾಯಿತು ಎನಿಸಿತು.

ಇಲ್ಲಿ ಒಂದು ವಿಷಯ ತಿಳಿದಿರಲಿ. ಇಂಥ ಕೇಂದ್ರ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರಿನಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. 1958ರ ಕಾನೂನಿಗೆ 2010ರಲ್ಲಿ ತಂದ ತಿದ್ದುಪಡಿ ಇದು. ಸ್ಮಾರಕದ ಬಳಿ ಮನೆ, ಜಾಗ ಕೊಳ್ಳುವವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಆದರೆ ನಮ್ಮ ನಿಮ್ಮ ಅಜ್ಜಂದಿರ ಮನೆಗಳಿಗೆ ಇಂಥ ಯಾವ ಕಾನೂನಿನ ಕಾವಲೂ ಇಲ್ಲ.

ಪ್ರವಾಸ ಮುಗಿಸಿ ಬಂದ ವಾರ ಮನೆಯವರೆಲ್ಲ ಪಾಲಿನ ಮಾತಿಗೆ ಕುಳಿತೆವು. ಫರಾಯಿಝ್ ಪ್ರಕಾರ ಅಮ್ಮಿಗೆ ಎಂಟನೇ ಒಂದು ಭಾಗ. ಉಳಿದದ್ದನ್ನು ಐದು ಮಾಡಿ ಇಬ್ಬರು ತಮ್ಮಂದಿರಿಗೆ ಎರಡೆರಡು, ನನಗೆ ಒಂದು. ನಮ್ಮಲ್ಲಿ ಎಷ್ಟು ಮಂದಿ ಸಹೋದರಿಯರು ತವರಿನ ಬಾಂಧವ್ಯ ಕೆಡಬಾರದೆಂದು ಈ ಪಾಲನ್ನು ಬಾಯಿಬಿಟ್ಟು ಕೇಳುವುದಿಲ್ಲ ಎಂಬುದು ನಿಮಗೆ ಗೊತ್ತು. ನಾನೂ ಕೇಳುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ನಾನು ಕೇಳಿದೆ.

"ನನಗೆ ದುಡ್ಡು ಬೇಡ. ಜಗುಲಿ, ಪಡಸಾಲೆ, ತೊಟ್ಟಿ ಇಷ್ಟನ್ನು ನನ್ನ ಪಾಲಿಗೆ ಬಿಡಿ. ಅಮ್ಮಿಯ ಕೋಣೆ ಅಮ್ಮಿಯ ಪಾಲಿಗೆ. ಹಿಂದಿನ ಜಾಗ ನಿಮ್ಮದು" ಎಂದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ದೊಡ್ಡ ತಮ್ಮನ ಮುಖ ಬಿಗಿಯಿತು. ಮುಂಭಾಗ ಹೋದರೆ ಜಾಗದ ಬೆಲೆ ಇಳಿಯುತ್ತದೆಂದು ಅವನು ಹೇಳಿದ್ದು ನಿಜ. ಎರಡು ತಿಂಗಳು ಅವನು ನನಗೆ ಫೋನ್ ಮಾಡಲಿಲ್ಲ. ಈದ್‌ಗೂ ಬರಲಿಲ್ಲ. ಗೋಡೆ ಉಳಿಸಲು ಹೋಗಿ ತಮ್ಮನನ್ನು ಕಳೆದುಕೊಂಡೆನೇ ಎಂದು ನಾನು ಎಷ್ಟೋ ರಾತ್ರಿ ನಿದ್ದೆಗೆಟ್ಟೆ. ಕೊನೆಗೆ ಚಿಕ್ಕ ತಮ್ಮ ನಡುವೆ ನಿಂತು ಮಾತಾಡಿದ. ಮುಂಭಾಗದ ಬೆಲೆಯಲ್ಲಿ ನನ್ನ ಪಾಲಿಗಿಂತ ಹೆಚ್ಚಾದದ್ದನ್ನು ನಾನು ಸಂಬಳದಿಂದ ಕಂತಿನಲ್ಲಿ ಕೊಡುವುದೆಂದು ಬರವಣಿಗೆಯಲ್ಲಿ ಮಾಡಿಕೊಂಡೆವು.

ದುರಸ್ತಿಯಲ್ಲೂ ಪಾಠ ಕಲಿತೆ. ಮೊದಲು ಬಂದ ಮೇಸ್ತ್ರಿ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದ. ಒಂದೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಎದ್ದು ಬಂತು. ಮಣ್ಣಿನ ಗೋಡೆ ಉಸಿರಾಡಬೇಕು. ಸಿಮೆಂಟ್ ಅದರ ತೇವವನ್ನು ಒಳಗೇ ಹಿಡಿದಿಡುತ್ತದೆ. ಆಮೇಲೆ ಒಬ್ಬ ಹಿರಿಯರು ಸುಣ್ಣದ ಗಾರೆ ಹಾಕಿಕೊಟ್ಟರು. ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ಬದಲಿಸುವುದು, ರೀಪಿಗೆ ಗೆದ್ದಲು ಹತ್ತಿದೆಯೇ ನೋಡುವುದು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ಬಿಡಿಸುವುದು, ಇಷ್ಟೇ ಕೆಲಸ. ಇದನ್ನು ವರ್ಷ ವರ್ಷ ಮಾಡಿದ್ದರೆ ಹಿಂದಿನ ಗೋಡೆ ಬೀಳುತ್ತಲೇ ಇರಲಿಲ್ಲ.

ಈಗ ಹಿಂಭಾಗದಲ್ಲಿ ಆರ್‌ಸಿಸಿಯ ಮನೆ ಎದ್ದಿದೆ. ಮುಂಭಾಗದಲ್ಲಿ ಅಮ್ಮಿ ಇದ್ದಾರೆ. ಸಂಜೆ ಹೊತ್ತು ಓಣಿಯ ಹೆಣ್ಣುಮಕ್ಕಳು ತೊಟ್ಟಿಯ ಸುತ್ತ ಕುಳಿತು ಓದುತ್ತಾರೆ. ಕೆಲವರು ಶಾಲೆಯ ಪಾಠ, ಕೆಲವರು ಕುರ್‌ಆನ್. ಕಳೆದ ಮಳೆಗಾಲಕ್ಕೆ ಮೊದಲು ಮಾಡಿನ ಮೇಲೆ ಹತ್ತಿ ಹೆಂಚು ಸರಿಪಡಿಸಿದವನು ಯಾರು ಗೊತ್ತೇ? ನನ್ನ ದೊಡ್ಡ ತಮ್ಮನೇ. ಇಳಿದು ಬಂದು ಕೈ ತೊಳೆಯುತ್ತಾ, "ದಾದಾ ಹೊದಿಸಿದ ಹೆಂಚು ಇನ್ನೂ ಗಟ್ಟಿ ಇದೆ ಆಪಾ" ಎಂದ. ಅಮ್ಮಿ ಚಹಾ ತರಲು ಒಳಗೆ ಹೋದರು.

ಪ್ರಿಯ ಸಹೋದರಿಯರೇ, ಎಲ್ಲ ಹಳೆಯ ಮನೆಗಳನ್ನೂ ಉಳಿಸಲು ಆಗುವುದಿಲ್ಲ, ಉಳಿಸಬೇಕೆಂದೂ ನಾನು ಹೇಳುವುದಿಲ್ಲ. ಪ್ರಾಣಕ್ಕೆ ಅಪಾಯವಾಗುವ ಗೋಡೆಯನ್ನು ಕೆಡವಲೇಬೇಕು. ಆದರೆ ಕೆಡವುವ ಮೊದಲು ಒಂದು ಸಲ ಒಳಗೆ ಹೋಗಿ, ಆ ಮನೆಯ ಹಿರಿಯ ಹೆಂಗಸು ಯಾವ ಜಾಗದಲ್ಲಿ ಕುಳಿತುಕೊಳ್ಳುತ್ತಾರೆ ಎಂದು ನೋಡಿ. ಅಷ್ಟು ಜಾಗವನ್ನಾದರೂ ಉಳಿಸಲು ಸಾಧ್ಯವೇ ಎಂದು ಯೋಚಿಸಿ. ಮುಂದಿನ ಸಲ ಮಾಚೇನಹಳ್ಳಿಯಲ್ಲಿ ಬಸ್ಸು ನಿಂತಾಗ ಇಳಿದು ಬನ್ನಿ. ನಮ್ಮ ಜಗುಲಿಯಲ್ಲಿ ಪಯಣಿಗರಿಗೆ ಯಾವತ್ತೂ ಜಾಗವಿದೆ.